ಬಿಗ್ ಬೆಂಡ್ ಮರುಭೂಮಿಯಲ್ಲಿ ಕಚ್ಚಾ ರಸ್ತೆ ಪಕ್ಕದ ಟೆಂಟ್ ಜಾಗ ಆರಿಸುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಟೆಕ್ಸಾಸ್‌ನ ಬಿಗ್ ಬೆಂಡ್ ನ್ಯಾಷನಲ್ ಪಾರ್ಕ್‌ಗೆ ಹೊರಟವರು ಮೊದಲು ಕೇಳುವುದು, 'ಯಾವ ಜಾಗದಿಂದ ನೋಟ ಚೆನ್ನಾಗಿದೆ?' ಅಂತ. ನನ್ನನ್ನು ಕೇಳಿದರೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಅಲ್ಲಿ ನೋಟ ಚೆನ್ನಾಗಿಲ್ಲದ ಜಾಗ ಹುಡುಕುವುದೇ ಕಷ್ಟ. ಮೊದಲು ಕೇಳಬೇಕಾದ್ದು ಎರಡೇ. ನನ್ನ ಕಾರು ಅಲ್ಲಿಯವರೆಗೆ ಹೋಗುತ್ತಾ? ರಾತ್ರಿ ಮಳೆ ಸುರಿದರೆ ಬೆಳಿಗ್ಗೆ ವಾಪಸ್ ಬರುತ್ತಾ?

ಆಸ್ಟಿನ್, ಡಲ್ಲಾಸ್, ಹೂಸ್ಟನ್ ಕಡೆ ಇರುವ ಕನ್ನಡದವರು ಲಾಂಗ್ ವೀಕೆಂಡ್ ಸಿಕ್ಕರೆ ಈ ಪಾರ್ಕಿನ ಕಡೆ ಗಾಡಿ ತಿರುಗಿಸುವುದುಂಟು. ಆಸ್ಟಿನ್‌ನಿಂದಲೇ 7-8 ಗಂಟೆ ದಾರಿ. ಅಷ್ಟು ದೂರ ಹೋಗಿ ಕಾರಿಗೆ ಆಗದ ಜಾಗ ಹಿಡಿದುಕೊಂಡರೆ ಇಡೀ ಪ್ರವಾಸ ಕೆಡುತ್ತದೆ. ಅದಕ್ಕೇ ಇಷ್ಟು ವಿವರ.

ಮೊದಲು, ಇದು ಎಂಥ ಜಾಗ

ಬಿಗ್ ಬೆಂಡ್ ಪಾರ್ಕ್ ಶುರುವಾದದ್ದು 1944ರಲ್ಲಿ. ಎಂಟು ಲಕ್ಷ ಎಕರೆಗೂ ಜಾಸ್ತಿ. ಚಿವಾವಾ ಮರುಭೂಮಿಯ ಒಂದು ತುಂಡು, ನಡುವೆ ಚಿಸೋಸ್ ಬೆಟ್ಟಸಾಲು, ದಕ್ಷಿಣಕ್ಕೆ ರಿಯೋ ಗ್ರಾಂಡೆ ನದಿ, ನದಿ ದಾಟಿದರೆ ಮೆಕ್ಸಿಕೋ.

ಟೆಂಟ್ ಹಾಕಲು ಸೌಕರ್ಯ ಇರುವ ಕ್ಯಾಂಪ್‌ಗ್ರೌಂಡ್‌ಗಳು ಮೂರಿವೆ: ಚಿಸೋಸ್ ಬೇಸಿನ್, ರಿಯೋ ಗ್ರಾಂಡೆ ವಿಲೇಜ್, ಕಾಟನ್‌ವುಡ್. ಅಲ್ಲಿ ಟಾಯ್ಲೆಟ್ ಇದೆ, ಅಕ್ಕಪಕ್ಕದಲ್ಲಿ ಜನ ಇದ್ದಾರೆ. ನಾನು ಹೇಳುತ್ತಿರುವುದು ಅವುಗಳ ವಿಷಯ ಅಲ್ಲ. ಕಚ್ಚಾ ರಸ್ತೆಗಳ ಉದ್ದಕ್ಕೂ ಅಲ್ಲೊಂದು ಇಲ್ಲೊಂದು ಎನ್ನುವ ಹಾಗೆ ಚದುರಿಕೊಂಡಿರುವ, ಕಾರಿನಲ್ಲೇ ಹೋಗಿ ತಂಗುವ ಜಾಗಗಳ ವಿಷಯ. ಜಾಗ ಅಂದರೆ ಜಲ್ಲಿ ಹರಡಿದ ಸಮತಟ್ಟು ನೆಲ, ಹೆಸರು ಬರೆದ ಒಂದು ಗುರುತು, ಅಷ್ಟೇ. ನೀರಿಲ್ಲ, ಟಾಯ್ಲೆಟ್ ಇಲ್ಲ, ನೆರಳಿಲ್ಲ. ಫೋನ್ ಸಿಗ್ನಲ್ ಇದ್ದರೆ ಅದೃಷ್ಟ, ಅದೂ ಕೆಲವೊಮ್ಮೆ ಮೆಕ್ಸಿಕೋದ್ದು. ಪಕ್ಕದ ಟೆಂಟ್ ಒಂದೆರಡು ಮೈಲಿ ದೂರ ಇರಬಹುದು. ಇದು ಇಷ್ಟ ಆಗುವವರಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಮೊದಲ ಸಲ ಟೆಂಟ್ ಹಾಕುತ್ತಿರುವವರು, ತೀರ ಚಿಕ್ಕ ಮಕ್ಕಳಿರುವವರು ಮೊದಲು ರಿಯೋ ಗ್ರಾಂಡೆ ವಿಲೇಜ್‌ನಲ್ಲಿ ಒಂದು ರಾತ್ರಿ ಇದ್ದು ನೋಡಲಿ.

ಹೆಜ್ಜೆ 1: ಕಾರಿನ ಕೆಳಗೆ ಬಗ್ಗಿ ನೋಡಿ

ಪಾರ್ಕ್‌ನವರು ಪ್ರತಿ ಜಾಗಕ್ಕೂ ಎಂಥ ವಾಹನ ಬೇಕು ಅಂತ ತಮ್ಮ ವೆಬ್‌ಸೈಟಿನಲ್ಲಿ ಹಾಕಿದ್ದಾರೆ. ಮೂರು ದರ್ಜೆ ಅಂದುಕೊಳ್ಳಿ. ಮಾಮೂಲಿ ಕಾರು ಹೋಗುವಂಥದ್ದು, ನೆಲದಿಂದ ಎತ್ತರ ಇರುವ ವಾಹನ ಬೇಕಾದ್ದು, ಫೋರ್ ವೀಲ್ ಡ್ರೈವ್ ಬೇಕೇ ಬೇಕಾದ್ದು. ಈ ಮಾತನ್ನು ಇದ್ದ ಹಾಗೇ ನಂಬಿ. 'ನಮ್ಮದು ಎಸ್‌ಯುವಿ, ಎಲ್ಲಿ ಬೇಕಾದರೂ ಹೋಗುತ್ತೆ' ಅನ್ನುವ ಧೈರ್ಯ ಇಲ್ಲಿ ಬೇಡ.

ನಮ್ಮ ಜನ ಹೆಚ್ಚಾಗಿ ಓಡಿಸುವ ರ‍್ಯಾವ್4, ಸಿಆರ್-ವಿ ಥರದ ಗಾಡಿಗಳ ಗ್ರೌಂಡ್ ಕ್ಲಿಯರೆನ್ಸ್ ಸುಮಾರು 8 ಇಂಚು. ಆಲ್ ವೀಲ್ ಡ್ರೈವ್ ಅಂತ ಹಿಂದೆ ಬರೆದಿರುತ್ತದೆ. ಅದು ಮಳೆಯಲ್ಲಿ, ಹಿಮದಲ್ಲಿ ಜಾರದಿರಲು ಒಳ್ಳೆಯದು. ಮೊಣಕಾಲುದ್ದ ಬಂಡೆ ಹತ್ತಿ ಇಳಿಯಲು ಬೇಕಾದ, ತೀರ ನಿಧಾನವಾಗಿ ಹೆಚ್ಚು ಬಲದಿಂದ ಎಳೆಯುವ ಲೋ ರೇಂಜ್ ಗೇರ್ ಅದರಲ್ಲಿ ಇರುವುದಿಲ್ಲ. ಎರಡನೇ ದರ್ಜೆಯ ರಸ್ತೆಗೆ ಇಂಥ ಗಾಡಿ ನಿಧಾನವಾಗಿ ಹೋದರೆ ಸಾಕು, ಮೂರನೆಯದಕ್ಕೆ ಸಾಲದು.

ಎತ್ತರಕ್ಕಿಂತ ಟೈರ್ ಮುಖ್ಯ. ಇಲ್ಲಿ ಗಾಡಿಗಳು ಕೆಡುವುದು ಹೆಚ್ಚಾಗಿ ಟೈರಿನಿಂದಲೇ. ಸುಣ್ಣಕಲ್ಲಿನ ಚೂರುಗಳು ಚಾಕುವಿನಷ್ಟು ಚೂಪು. ರಸ್ತೆ ಅಂಚಿನಲ್ಲಿ ಲೆಚುಗಿಯಾ ಅನ್ನುವ ಗಿಡ್ಡ ಕತ್ತಾಳೆ ಬೆಳೆದಿರುತ್ತದೆ, ಅದರ ಮುಳ್ಳು ಟೈರಿನ ಪಕ್ಕದ ಗೋಡೆಗೇ ಚುಚ್ಚುತ್ತದೆ. ಪಕ್ಕ ಹರಿದರೆ ಪಂಕ್ಚರ್ ಹಾಕಲು ಆಗುವುದಿಲ್ಲ. ಹಾಗಾಗಿ ಮನೆಯಿಂದ ಹೊರಡುವ ಮೊದಲೇ ಡಿಕ್ಕಿ ತೆಗೆದು ಸ್ಟೆಪ್ನಿ ನೋಡಿ. ಈಗಿನ ಎಷ್ಟೋ ಕಾರುಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ, ಗಾಳಿ ತುಂಬುವ ಡಬ್ಬಿ ಇಟ್ಟಿರುತ್ತಾರೆ. ಕೆಲವದರಲ್ಲಿ ಸಣ್ಣ ಚಕ್ರ ಇರುತ್ತದೆ. ಅದರಲ್ಲಿ ಡಾಂಬರು ರಸ್ತೆ ಓಡಬಹುದು, 20 ಮೈಲಿ ಕಲ್ಲು ರಸ್ತೆ ಓಡಲಾಗುವುದಿಲ್ಲ. ಪೂರ್ತಿ ಅಳತೆಯ ಸ್ಟೆಪ್ನಿ ಇಲ್ಲದಿದ್ದರೆ ಡಾಂಬರಿನಿಂದ ನಡೆದು ಬರುವಷ್ಟು ದೂರದ ಜಾಗಕ್ಕೆ ಮಾತ್ರ ಹೋಗಿ.

ಬಾಡಿಗೆ ಕಾರಾದರೆ ಕರಾರು ಪತ್ರ ಓದಿ. ಡಾಂಬರು ಬಿಟ್ಟು ಇಳಿದರೆ ಇನ್ಶೂರೆನ್ಸ್ ಇಲ್ಲ ಅಂತ ಹೆಚ್ಚಿನ ಕಂಪನಿಗಳು ಬರೆದಿರುತ್ತವೆ. ಅಲ್ಲಿಂದ ಗಾಡಿ ಎಳೆಸಿಕೊಂಡು ಬರುವ ಖರ್ಚು ಕೇಳಿದರೆ ಊಟ ಸೇರುವುದಿಲ್ಲ.

ಹೆಜ್ಜೆ 2: ರಸ್ತೆ ಆರಿಸಿ, ಜಾಗ ಆಮೇಲೆ

ನಕ್ಷೆಯಲ್ಲಿ ಜಾಗದ ಹೆಸರು ಹುಡುಕಬೇಡಿ, ರಸ್ತೆಯ ಹೆಸರು ಹುಡುಕಿ. ಒಂದೇ ರಸ್ತೆಯ ಮೊದಲ ಜಾಗಕ್ಕೂ ಕೊನೆಯ ಜಾಗಕ್ಕೂ ಅಜಗಜಾಂತರ ಇರಬಹುದು.

ಮಾಮೂಲಿ ಕಾರಿನವರು ನೋಡಬೇಕಾದವು ಹ್ಯಾನೊಲ್ಡ್ ಡ್ರಾ, ನೈನ್ ಪಾಯಿಂಟ್ ಡ್ರಾ, ಗವರ್ನಮೆಂಟ್ ಸ್ಪ್ರಿಂಗ್. ಇವು ಡಾಂಬರು ರಸ್ತೆಗೆ ತೀರ ಹತ್ತಿರ. ರಾತ್ರಿ ಒಂದೊಂದು ಗಾಡಿಯ ಲೈಟು ಕಾಣಬಹುದು. ಅದಕ್ಕೆ ಕೆಲವರು ಮೂಗು ಮುರಿಯುತ್ತಾರೆ. ನನಗೆ ಗವರ್ನಮೆಂಟ್ ಸ್ಪ್ರಿಂಗ್ ಮೇಲೆ ಅಂಥ ದೂರೇನಿಲ್ಲ. ಎದುರಿಗೇ ಚಿಸೋಸ್ ಬೆಟ್ಟ, ಪಾರ್ಕ್ ಮುಖ್ಯ ಕಚೇರಿ ಇರುವ ಪ್ಯಾಂಥರ್ ಜಂಕ್ಷನ್ ಕೆಲವೇ ಮೈಲಿ, ಚಾರಣ ದಾರಿಗಳೂ ಹತ್ತಿರ. ಕ್ರೋಟನ್ ಸ್ಪ್ರಿಂಗ್ಸ್ ಕೂಡ ರಸ್ತೆ ಸರಿ ಇದ್ದಾಗ ಈ ಗುಂಪಿಗೇ ಸೇರುತ್ತದೆ.

ಗವರ್ನಮೆಂಟ್ ಸ್ಪ್ರಿಂಗ್ ದಾಟಿ ಅದೇ ರಸ್ತೆಯಲ್ಲಿ ಮುಂದೆ ಹೋದರೆ ಗ್ರೇಪ್‌ವೈನ್ ಹಿಲ್ಸ್. ಸ್ವಲ್ಪ ಎತ್ತರದ ಗಾಡಿ ಇದ್ದು, ಇಂಥ ಜಾಗಕ್ಕೆ ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಇದನ್ನೇ. ಗುಂಡು ಗುಂಡು ಬಂಡೆಗಳ ಗುಡ್ಡ ಕಣ್ಣೆದುರು ಇರುತ್ತದೆ. ಬ್ಯಾಲೆನ್ಸ್ಡ್ ರಾಕ್ ಅನ್ನುವ, ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡ ಕಲ್ಲು ನೋಡಲು ಎಲ್ಲರೂ ಹೋಗುವ ದಾರಿ ಅದೇ ರಸ್ತೆಯಿಂದ ಶುರುವಾಗುತ್ತದೆ. ಹಗಲಿಗೆ ಆ ದಾರಿಯ ಪಾರ್ಕಿಂಗ್ ತುಂಬಿಹೋಗುತ್ತದೆ. ನೀವು ಅಲ್ಲೇ ಮಲಗಿದ್ದರೆ ಬೆಳಿಗ್ಗೆ ಬಿಸಿಲೇರುವ ಮುಂಚೆ ನೋಡಿ ಬರಬಹುದು.

ಪೇಂಟ್ ಗ್ಯಾಪ್, ನ್ಯೂಜೆಂಟ್ ಮೌಂಟನ್, ಚಿಲಿಕೊಟಾಲ್, ಪೈನ್ ಕ್ಯಾನ್ಯನ್, ಓಲ್ಡ್ ಮ್ಯಾವರಿಕ್ ರಸ್ತೆಯಿಂದ ಒಳಗೆ ಹೋಗುವ ಟರ್ಲಿಂಗ್ವಾ ಅಬಾಹೊ, ಇವೆಲ್ಲ ಎರಡನೇ ದರ್ಜೆ. ಸಾಂಟಾ ಎಲೆನಾ ಕಣಿವೆ ನೋಡುವ ಆಸೆ ಇದ್ದರೆ ಟರ್ಲಿಂಗ್ವಾ ಅಬಾಹೊ ಅನುಕೂಲ. ನದಿಯ ಎರಡೂ ಬದಿಗೆ 1,500 ಅಡಿ ಎತ್ತರದ ಕಲ್ಲುಗೋಡೆ ಇರುವ ಕಣಿವೆ ಅದು.

ಮೂರನೇ ದರ್ಜೆಯ ರಸ್ತೆಗಳ ಕಥೆಯೇ ಬೇರೆ. ಓಲ್ಡ್ ಓರ್ ರೋಡ್ 26 ಮೈಲಿ. ನೂರು ವರ್ಷದ ಹಿಂದೆ ಮೆಕ್ಸಿಕೋ ಕಡೆಯ ಗಣಿಗಳಿಂದ ಅದಿರು ಹೊತ್ತು ಮ್ಯಾರಥಾನ್ ಊರಿನ ರೈಲಿಗೆ ಸಾಗಿಸುತ್ತಿದ್ದ ದಾರಿ, ಹೆಸರು ಬಂದದ್ದೂ ಅದರಿಂದಲೇ. ಪೂರ್ವಕ್ಕೆ ಮೆಕ್ಸಿಕೋದ ಸಿಯೆರಾ ಡೆಲ್ ಕಾರ್ಮೆನ್ ಬೆಟ್ಟಗಳು ಸಂಜೆ ಕೆಂಪಗೆ ಹೊಳೆಯುವುದನ್ನು ನೋಡಲು ಇದರಷ್ಟು ಒಳ್ಳೆಯ ರಸ್ತೆ ಇಲ್ಲ. ನದಿಗುಂಟ ಹೋಗುವ ರಿವರ್ ರೋಡ್ 51 ಮೈಲಿ. ಪೂರ್ತಿ ಓಡಿಸಲು ಒಂದು ಇಡೀ ದಿನ ಬೇಕು. ದಾರಿಯಲ್ಲಿ ಮಾರಿಸ್ಕಲ್ ಅನ್ನುವ ಹಳೆಯ ಪಾದರಸದ ಗಣಿ ಸಿಗುತ್ತದೆ. ಬ್ಲ್ಯಾಕ್ ಗ್ಯಾಪ್ ರೋಡ್ ಅನ್ನು ಪಾರ್ಕ್‌ನವರು ರಿಪೇರಿಯೇ ಮಾಡುವುದಿಲ್ಲ, ಅದರ ಸುದ್ದಿಗೆ ಹೋಗಬೇಡಿ. ಈ ರಸ್ತೆಗಳಿಗೆ ಎರಡು ಗಾಡಿಗಳಲ್ಲಿ ಹೋಗುವುದು ಕ್ಷೇಮ.

ಲೆಕ್ಕ ಹಾಕುವಾಗ ಮೈಲಿ ನೋಡಬೇಡಿ, ಗಂಟೆ ನೋಡಿ. ಕಲ್ಲು ರಸ್ತೆಯಲ್ಲಿ ಗಂಟೆಗೆ 10-15 ಮೈಲಿ ಹೋದರೆ ಹೆಚ್ಚು. 12 ಮೈಲಿ ಒಳಗಿರುವ ಜಾಗ ಹಿಡಿದು ದಿನಾ ಚಾರಣಕ್ಕೆ ಹೊರಗೆ ಬಂದು ಹೋಗುತ್ತೇನೆ ಅಂದರೆ ರಜೆಯೆಲ್ಲ ಸ್ಟಿಯರಿಂಗ್ ಹಿಡಿದೇ ಮುಗಿಯುತ್ತದೆ.

ಹೆಜ್ಜೆ 3: ಕಾಲಕ್ಕೆ ತಕ್ಕ ಎತ್ತರ

ನದಿ ದಂಡೆ ಸಮುದ್ರ ಮಟ್ಟದಿಂದ 1,800 ಅಡಿ ಸುಮಾರಿನಲ್ಲಿದೆ, ಪ್ಯಾಂಥರ್ ಜಂಕ್ಷನ್ 3,700 ಅಡಿ ದಾಟುತ್ತದೆ. ಸಾವಿರ ಅಡಿ ಮೇಲೆ ಹೋದರೆ ಸುಮಾರು 5 ಡಿಗ್ರಿ ಫ್ಯಾರನ್‌ಹೀಟ್ ತಂಪು. ಡಿಸೆಂಬರ್, ಜನವರಿಯಲ್ಲಿ ಎತ್ತರದ ಜಾಗಗಳಲ್ಲಿ ನೀರಿನ ಬಾಟಲಿ ಹೆಪ್ಪುಗಟ್ಟಬಹುದು, ಆಗ ನದಿ ಕಡೆಯ ಜಾಗ ಹಿತ. ಮಾರ್ಚ್ ಕೊನೆಯಿಂದ ಆಚೆ ನದಿ ಕಡೆ ಸುಡಲು ಶುರು, ಆಗ ಪೇಂಟ್ ಗ್ಯಾಪ್, ನ್ಯೂಜೆಂಟ್, ಪೈನ್ ಕ್ಯಾನ್ಯನ್ ಥರದ ಬೆಟ್ಟದ ಬುಡದ ಜಾಗ ನೋಡಿ. ಮೇ, ಜೂನ್‌ನಲ್ಲಿ ಕೆಳಗೆ 100 ಡಿಗ್ರಿ ದಾಟುವುದು ಮಾಮೂಲು. ಆ ತಿಂಗಳುಗಳಲ್ಲಿ ಇಲ್ಲಿ ಟೆಂಟ್ ಹಾಕುವುದೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ನವೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್ ವಾರ, ಮಾರ್ಚ್‌ನ ಸ್ಪ್ರಿಂಗ್ ಬ್ರೇಕ್ ಮಾತ್ರ ಜನಜಾತ್ರೆ.

ಹೆಜ್ಜೆ 4: ಒಣ ಹಳ್ಳವನ್ನು ಓದಲು ಕಲಿಯಿರಿ

ಮರುಭೂಮಿ ಅಂದಮೇಲೆ ಮಳೆ ಯಾಕೆ ಅಂತೀರಾ? ಇಲ್ಲಿ ಮಳೆ ಬರುವುದು ಹೆಚ್ಚಾಗಿ ಬೇಸಿಗೆ ಕೊನೆಯಲ್ಲಿ, ಜುಲೈನಿಂದ ಸೆಪ್ಟೆಂಬರ್ ಆಚೀಚೆ. ಬಂದರೆ ಗುಡುಗು ಸಿಡಿಲಿನ ಸಮೇತ, ಒಂದೇ ಗಂಟೆಯಲ್ಲಿ. ಗಟ್ಟಿ ನೆಲ ನೀರು ಕುಡಿಯುವುದಿಲ್ಲ. ಎಲ್ಲ ನೀರೂ ಹಳ್ಳಕ್ಕೆ ನುಗ್ಗುತ್ತದೆ. ನಿಮ್ಮ ತಲೆ ಮೇಲೆ ನಕ್ಷತ್ರ ಕಾಣುತ್ತಿರುವಾಗಲೇ ಹತ್ತು ಮೈಲಿ ಆಚೆ ಸುರಿದ ಮಳೆ ನಿಮ್ಮ ಪಕ್ಕದ ಹಳ್ಳದಲ್ಲಿ ಬರಬಹುದು.

ಪಾರ್ಕ್‌ನವರು ಗುರುತು ಮಾಡಿದ ಜಾಗದಲ್ಲೇ ಟೆಂಟ್ ಹಾಕಬೇಕು ಅನ್ನುವುದು ನಿಯಮ. ಆದರೂ ಆ ಜಾಗದ ಒಳಗೇ ತಗ್ಗು, ದಿಬ್ಬ ಇರುತ್ತದೆ. ಇಳಿದ ಕೂಡಲೇ ಸುತ್ತ ಒಂದು ಸಲ ನಡೆಯಿರಿ. ಪೊದೆಗಳ ಬುಡದಲ್ಲಿ ಕಡ್ಡಿ, ಒಣಹುಲ್ಲು ಒಂದೇ ದಿಕ್ಕಿಗೆ ಬಾಗಿ ಸಿಕ್ಕಿಕೊಂಡಿದೆಯಾ ನೋಡಿ. ಅದು ನೀರು ತಂದು ಬಿಟ್ಟದ್ದು. ಕಡ್ಡಿ ಎಷ್ಟು ಎತ್ತರಕ್ಕೆ ಸಿಕ್ಕಿದೆಯೋ ನೀರು ಅಷ್ಟು ಎತ್ತರ ಬಂದಿತ್ತು. ನೆಲದ ಮೇಲೆ ಹಪ್ಪಳದ ಹಾಗೆ ಸುರುಳಿ ಎದ್ದ ಒಣ ಕೆಸರಿನ ಪದರ ಇದ್ದರೆ ಅಲ್ಲಿ ನೀರು ನಿಂತಿತ್ತು. ನುಣ್ಣನೆ ಮರಳು ಮಲಗಲು ಮೆತ್ತಗೆ ಅನ್ನಿಸುತ್ತದೆ, ಅದನ್ನು ಅಲ್ಲಿ ತಂದು ಹಾಸಿದ್ದೂ ನೀರೇ. ಗೊರಚು ಕಲ್ಲಿನ ದಿಬ್ಬ ಬೆನ್ನಿಗೆ ಒತ್ತಿದರೂ ಅಲ್ಲೇ ಟೆಂಟ್ ಹಾಕಿ.

ಇನ್ನೊಂದು ವಿಷಯ ಜನ ಮರೆಯುವುದು ಜಾಸ್ತಿ. ಟೆಂಟ್ ದಿಬ್ಬದ ಮೇಲಿದ್ದರೆ ಸಾಲದು, ಡಾಂಬರಿಗೂ ನಿಮಗೂ ನಡುವೆ ಎಷ್ಟು ಹಳ್ಳ ದಾಟಬೇಕು ಎಣಿಸಿ. ಒಳಗೆ ಹೋಗುವಾಗಲೇ ಎಣಿಸಿಕೊಂಡು ಹೋಗಿ. ರಿವರ್ ರೋಡಿನ ಪಶ್ಚಿಮ ಭಾಗದಲ್ಲಿ ಜೇಡಿಮಣ್ಣು ಇದೆ. ಮಳೆಯಾದರೆ ಅಲ್ಲಿ ಹಳ್ಳದ ಮಾತು ಹಾಗಿರಲಿ, ರಸ್ತೆಯ ಮೇಲೇ ಚಕ್ರ ನಿಲ್ಲುವುದಿಲ್ಲ. ಮೋಡ ಕಟ್ಟಿದ ದಿನ ಆ ಕಡೆ ಹೋಗಬೇಡಿ. ಒಳಗೆ ಸಿಕ್ಕಿಕೊಂಡರೆ ಹಳ್ಳ ಇಳಿಯುವವರೆಗೆ, ಮಣ್ಣು ಒಣಗುವವರೆಗೆ ಕಾಯುವುದೊಂದೇ ದಾರಿ. ಅದಕ್ಕೇ ಯಾವಾಗಲೂ ಒಂದು ದಿನದ ಊಟ, ನೀರು ಹೆಚ್ಚಿಗೆ ಇರಬೇಕು.

ಹೆಜ್ಜೆ 5: ಬಿಸಿಲು, ಗಾಳಿ, ಕತ್ತಲು

ಪೂರ್ವಕ್ಕೆ ಗುಡ್ಡ ಇರುವ ಜಾಗದಲ್ಲಿ ಬಿಸಿಲು ತಡವಾಗಿ ಬರುತ್ತದೆ, ಒಂದು ಗಂಟೆ ಜಾಸ್ತಿ ಮಲಗಬಹುದು. ಚಳಿಗಾಲದಲ್ಲಿ ಇದೇ ಶಿಕ್ಷೆ, ಆಗ ಪೂರ್ವಕ್ಕೆ ಬಯಲು ಇರಲಿ. ಮರದ ನೆರಳು ಎಲ್ಲೂ ಸಿಗುವುದಿಲ್ಲ. ಕ್ರಿಯೋಸೋಟ್ ಪೊದೆ, ಪಾಪಸುಕಳ್ಳಿ, ಒಕೊಟಿಯೋ ಕಡ್ಡಿಗಳು, ಇಷ್ಟೇ. ಸಂಜೆಯ ಹೊತ್ತಿಗೆ ಕಾರನ್ನು ಟೆಂಟಿನ ಪಶ್ಚಿಮಕ್ಕೆ ನಿಲ್ಲಿಸಿ, ಅದೇ ನೆರಳು. ಗಾಳಿಗೂ ಅದೇ ಗೋಡೆ.

ಗಾಳಿ ವಸಂತದಲ್ಲಿ ಜೋರು. ಜಲ್ಲಿ ನೆಲಕ್ಕೆ ಟೆಂಟಿನ ಗೂಟ ಇಳಿಯುವುದಿಲ್ಲ, ಬಡಿದರೆ ಬಾಗುತ್ತದೆ. ಗೂಟವಿಲ್ಲದೆಯೂ ನಿಲ್ಲುವ ಟೆಂಟ್ ತನ್ನಿ. ಹಗ್ಗವನ್ನು ದೊಡ್ಡ ಕಲ್ಲಿಗೋ ಕಾರಿನ ಚಕ್ರಕ್ಕೋ ಕಟ್ಟಿ. ಬೆಳಿಗ್ಗೆ ಕಾರು ತೆಗೆಯುವ ಮುಂಚೆ ಆ ಹಗ್ಗ ನೆನಪಿರಲಿ!

ನಕ್ಷತ್ರಕ್ಕೋಸ್ಕರ ಹೋಗುವವರು ಜಾಗಕ್ಕಿಂತ ಕ್ಯಾಲೆಂಡರ್ ನೋಡಿ. ಈ ಪಾರ್ಕಿಗೆ 2012ರಲ್ಲಿ ಅಂತರರಾಷ್ಟ್ರೀಯ ಡಾರ್ಕ್ ಸ್ಕೈ ಪಾರ್ಕ್ ಮನ್ನಣೆ ಸಿಕ್ಕಿದೆ, ಎಲ್ಲಿ ಮಲಗಿದರೂ ಆಕಾಶ ಕಪ್ಪು. ಅಮಾವಾಸ್ಯೆ ಹತ್ತಿರದ ದಿನ ಆರಿಸಿದರೆ ಸಾಕು. ಹುಣ್ಣಿಮೆಗೆ ಹೋದರೆ ಯಾವ ಜಾಗವೂ ಉಪಯೋಗವಿಲ್ಲ.

ಹೆಜ್ಜೆ 6: ಪರ್ಮಿಟ್, ಮತ್ತು ರೇಂಜರ್ ಹತ್ತಿರ ಐದು ನಿಮಿಷ

ಪರ್ಮಿಟ್ ಇಲ್ಲದೆ ಎಲ್ಲೂ ಮಲಗುವ ಹಾಗಿಲ್ಲ. ಸುಲಭದ ಕೆಲವು ಜಾಗಗಳನ್ನು ಸರ್ಕಾರಿ ಬುಕ್ಕಿಂಗ್ ವೆಬ್‌ಸೈಟ್ ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ತಿಂಗಳುಗಳ ಮುಂಚೆಯೇ ಬುಕ್ ಮಾಡಬಹುದು. ದೂರದ ಜಾಗಗಳಿಗೆ ಖುದ್ದಾಗಿ ವಿಸಿಟರ್ ಸೆಂಟರ್‌ಗೆ ಹೋಗಿ ಪರ್ಮಿಟ್ ತೆಗೆದುಕೊಳ್ಳಬೇಕು. ಯಾವ ಜಾಗ ಯಾವ ಪಟ್ಟಿಯಲ್ಲಿದೆ ಅನ್ನುವುದು ಆಗಾಗ ಬದಲಾಗುತ್ತದೆ, ಹೊರಡುವ ವಾರ ಪಾರ್ಕಿನ ವೆಬ್‌ಸೈಟ್ ನೋಡಿ. ಒಂದು ಜಾಗದಲ್ಲಿ ಎಷ್ಟು ಗಾಡಿ, ಎಷ್ಟು ಜನ ಅನ್ನುವ ಮಿತಿಯೂ ಅಲ್ಲೇ ಇದೆ. ಮೂರು ಕುಟುಂಬ ಸೇರಿ ಹೊರಟರೆ ಮೊದಲು ಅದನ್ನೇ ನೋಡಬೇಕು.

ಆನ್‌ಲೈನ್ ಬುಕ್ಕಿಂಗ್ ಇದ್ದರೂ ಪ್ಯಾಂಥರ್ ಜಂಕ್ಷನ್‌ನಲ್ಲಿ ಇಳಿದು ರೇಂಜರ್ ಹತ್ತಿರ ಮಾತಾಡಿ. 'ರಸ್ತೆ ಹೇಗಿದೆ?' ಅಂತ ಕೇಳಿದರೆ 'ಚೆನ್ನಾಗಿದೆ' ಅನ್ನುವ ಉತ್ತರ ಬರುತ್ತದೆ, ಅದು ಅವರ ಗಾಡಿಯ ಲೆಕ್ಕ. ಕಿಟಕಿಯಿಂದ ನಿಮ್ಮ ಕಾರು ತೋರಿಸಿ, 'ಈ ಕಾರು, ಈ ಟೈರು, ಈ ಜಾಗಕ್ಕೆ ಹೋಗುತ್ತಾ? ನೀವಾದರೆ ಹೋಗುತ್ತಿದ್ದಿರಾ?' ಅಂತ ಕೇಳಿ. ಈಚೆಗೆ ಮಳೆ ಯಾವಾಗ ಬಂತು, ಅತಿ ಕೆಟ್ಟ ತಿರುವು ಎಷ್ಟನೇ ಮೈಲಿಯಲ್ಲಿದೆ, ಅದಕ್ಕೂ ಮುಂಚೆ ಗಾಡಿ ತಿರುಗಿಸಲು ಜಾಗ ಇದೆಯಾ, ಇವನ್ನೂ ಕೇಳಿ. ಕೊನೆಯ ಪ್ರಶ್ನೆ ಬಹಳ ಮುಖ್ಯ. ಒಂಟಿ ಗಾಡಿ ಅಗಲದ ರಸ್ತೆಯಲ್ಲಿ ಮುಕ್ಕಾಲು ಮೈಲಿ ರಿವರ್ಸ್ ಬರುವುದು ಯಾರಿಗೂ ಬೇಡ. ಎರಡನೇ ಆಯ್ಕೆಯ ಜಾಗ ಒಂದನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೌಂಟರ್‌ಗೆ ಹೋಗಿ.

ಪೆಟ್ರೋಲ್ ಬಂಕ್ ಪ್ಯಾಂಥರ್ ಜಂಕ್ಷನ್‌ನಲ್ಲೂ ರಿಯೋ ಗ್ರಾಂಡೆ ವಿಲೇಜ್‌ನಲ್ಲೂ ಇದೆ. ಕಚ್ಚಾ ರಸ್ತೆಗೆ ಇಳಿಯುವ ಮುಂಚೆ ಟ್ಯಾಂಕ್ ಫುಲ್ ಮಾಡಿ. ಫೋನಿನ ನಕ್ಷೆ ನಂಬಬೇಡಿ, ಕಾಗದದ ನಕ್ಷೆ ಒಂದು ಕೊಳ್ಳಿ. ಆಸ್ಪತ್ರೆ ಇರುವುದು ಆಲ್ಪೈನ್ ಊರಿನಲ್ಲಿ, ನೂರು ಮೈಲಿ ಆಚೆ.

ಹೆಜ್ಜೆ 7: ನೀರು, ಅಡುಗೆ, ಕರಡಿ, ಶೌಚ

ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್ ನೀರು, ಇದು ಕುಡಿಯುವ ಲೆಕ್ಕ. ತೊಳೆಯುವುದಕ್ಕೆ ಬೇರೆ. ಹೆಸರಿನಲ್ಲಿ ಸ್ಪ್ರಿಂಗ್ ಅಂತ ಇದೆ ಅಂತ ಅಲ್ಲಿ ನೀರು ಸಿಗುತ್ತೆ ಅಂದುಕೊಳ್ಳಬೇಡಿ. ಸಿಕ್ಕರೂ ಅದು ಪ್ರಾಣಿಗಳದ್ದು. ಪಾತ್ರೆ ತೊಳೆಯುವ ಕೆಲಸ ಕಡಿಮೆ ಇರುವ ಊಟ ಒಯ್ಯಿರಿ. ಮನೆಯಲ್ಲೇ ಮಾಡಿಟ್ಟ ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಒಗ್ಗರಣೆ ಅವಲಕ್ಕಿ. ಅನ್ನ ಸಾರು ಮಾಡಲು ಹೋದರೆ ನೀರೆಲ್ಲ ಪಾತ್ರೆಗೇ ಹೋಗುತ್ತದೆ.

ಕಟ್ಟಿಗೆ ಬೆಂಕಿ ಹಾಕುವ ಹಾಗಿಲ್ಲ, ಗ್ಯಾಸ್ ಸ್ಟೌ ಆಗಬಹುದು. ಜನರೇಟರ್ ಇಲ್ಲ. ಊಟ, ಟೂತ್‌ಪೇಸ್ಟ್, ಕಸ, ವಾಸನೆ ಬರುವ ಯಾವುದನ್ನೂ ಟೆಂಟಿನಲ್ಲಿ ಇಡಬೇಡಿ. ಕರಡಿಗೆ ತೆಗೆಯಲಾಗದ ಊಟದ ಪೆಟ್ಟಿಗೆ (ಕರಡಿ ಡಬ್ಬ) ಜಾಗದಲ್ಲಿದ್ದರೆ ಅದರಲ್ಲಿ, ಇಲ್ಲದಿದ್ದರೆ ಕಾರಿನ ಒಳಗೆ. ಕರಡಿಗಿಂತ ಹಂದಿಯಂತಿರುವ ಜಾವೆಲಿನಾಗಳ ಕಾಟ ಜಾಸ್ತಿ. ಹೊರಗೆ ಬಿಟ್ಟ ಶೂವನ್ನು ಬೆಳಿಗ್ಗೆ ಒದರಿ ಹಾಕಿಕೊಳ್ಳಿ, ಚೇಳು ಇರುತ್ತದೆ. ಬುಡುಬುಡಿಕೆ ಹಾವುಗಳೂ ಇವೆ, ಕತ್ತಲಲ್ಲಿ ಟಾರ್ಚ್ ಇಲ್ಲದೆ ಹೆಜ್ಜೆ ಇಡಬೇಡಿ.

ಶೌಚಕ್ಕೆ ಸಣ್ಣ ಸಲಿಕೆ ಬೇಕು. ಹಳ್ಳದಿಂದ, ನೀರಿನಿಂದ ದೂರ, ಆರು ಇಂಚು ಗುಂಡಿ ತೋಡಿ ಮುಚ್ಚಿ. ಟಿಶ್ಯೂ ಹೂಳಬೇಡಿ. ಇಲ್ಲಿ ಅದು ಕೊಳೆಯುವುದಿಲ್ಲ, ಪ್ರಾಣಿಗಳು ಕೆದರಿ ತೆಗೆಯುತ್ತವೆ. ಜಿಪ್ ಕವರಿನಲ್ಲಿ ಹಾಕಿ ವಾಪಸ್ ತನ್ನಿ. ಇದನ್ನು ಮನೆಯವರಿಗೆ ಹೊರಡುವ ಮುಂಚೆಯೇ ಹೇಳಿ, ಅಲ್ಲಿ ಹೋದಮೇಲೆ ಹೇಳಿದರೆ ಜಗಳ.

ಹೆಜ್ಜೆ 8: ಬೆಳಕಿರುವಾಗ ತಲುಪಿ

ಸೂರ್ಯ ಮುಳುಗಲು ಎರಡು ಗಂಟೆ ಇರುವಾಗಲೇ ಜಾಗದಲ್ಲಿರಿ. ಕತ್ತಲಲ್ಲಿ ಕಲ್ಲಿನ ನೆರಳು ಗುಂಡಿಯ ಹಾಗೆ, ಗುಂಡಿ ನೆಲದ ಹಾಗೆ ಕಾಣುತ್ತದೆ. ಬೆಳಕಿದ್ದರೆ ಜಾಗ ಸರಿಯಿಲ್ಲ ಅನ್ನಿಸಿದಾಗ ವಾಪಸ್ ಹೋಗಿ ಬೇರೆ ಜಾಗ ಕೇಳಬಹುದು. ಗುರುತು ಇರುವ ನೆಲ ಬಿಟ್ಟು ಪೊದೆ ಮೇಲೆ ಕಾರು ಹತ್ತಿಸಬೇಡಿ. ಚಕ್ರದ ಗುರುತು ಇಲ್ಲಿ ವರ್ಷಾನುಗಟ್ಟಲೆ ಹೋಗುವುದಿಲ್ಲ, ದಂಡವೂ ಬೀಳುತ್ತದೆ. ಮನೆಯಲ್ಲಿರುವ ಯಾರಿಗಾದರೂ ಜಾಗದ ಹೆಸರು, ವಾಪಸ್ ಬರುವ ದಿನ ಬರೆದು ಕಳಿಸಿ.

ಹೆಚ್1ಬಿ, ಎಫ್1 ವೀಸಾದಲ್ಲಿ ಇರುವವರಿಗೆ ಒಂದು ಮಾತು. ಪಾರ್ಕಿನಿಂದ ಉತ್ತರಕ್ಕೆ ವಾಪಸ್ ಬರುವ ರಸ್ತೆಗಳಲ್ಲಿ ಬಾರ್ಡರ್ ಪ್ಯಾಟ್ರೋಲ್ (ಗಡಿ ಕಾವಲು ಪಡೆ) ತನಿಖಾ ಠಾಣೆಗಳಿವೆ. ಎಲ್ಲರನ್ನೂ ನಿಲ್ಲಿಸಿ ಪೌರತ್ವ ಕೇಳುತ್ತಾರೆ. ಪಾಸ್‌ಪೋರ್ಟ್, ಐ-94, ವೀಸಾಕ್ಕೆ ಸಂಬಂಧಿಸಿದ ಕಾಗದದ ಮೂಲಪ್ರತಿಗಳು ಪ್ರತಿಯೊಬ್ಬರದ್ದೂ ಕಾರಿನಲ್ಲಿರಲಿ, ಫೋನಿನ ಫೋಟೋ ಸಾಲದು. ನದಿ ಆಳ ಇಲ್ಲ ಅಂತ ಸುಮ್ನೆ ಆಚೆ ದಡಕ್ಕೆ ಕಾಲಿಟ್ಟು ಬರುವ ಹುಚ್ಚೂ ಬೇಡ. ಆಚೆ ದಡದ ಮೆಕ್ಸಿಕೋದ ಬೊಕಿಯಾಸ್ ಹಳ್ಳಿ ನೋಡಬೇಕಿದ್ದರೆ ಅಲ್ಲಿ ಅಧಿಕೃತ ದಾಟುವ ಜಾಗ ಇದೆ. ನಿಮ್ಮ ವೀಸಾದಲ್ಲಿ ವಾಪಸ್ ಬರಲು ಬಿಡುತ್ತಾರಾ ಅಂತ ಮೊದಲೇ ತಿಳಿದುಕೊಂಡು ಹೋಗಿ.